ಕಾಯಿ ಕಾಯುವ ಊರು

ಅಮ್ಮಣ್ಣಿ,

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಏನಪ್ಪಾ, ಕೊಬ್ಬರಿ ಮಾರದೆ ಇನ್ನೂ ಸ್ವಲ್ಪ ಕಾದಿದ್ದರೆ ಎರಡು ಪಟ್ಟಿಗಿಂತ ಜಾಸ್ತಿ ಸಿಗ್ತಿತ್ತಲ್ಲ, ಮೂವತ್ತು ವರ್ಷ ಮಂಡಿಯಲ್ಲಿ ಲೆಕ್ಕ ಬರೆದವರಿಗೆ ಇಷ್ಟೂ ಗೊತ್ತಾಗಲಿಲ್ವಾ?" ಅಂದೆ. ನಾನು ಹೂಂ ಅಂದು ಫೋನನ್ನ ನಿಮ್ಮಮ್ಮನ ಕೈಗೆ ಕೊಟ್ಟೆ. ಸಿಟ್ಟು ಬಂತು ಅಂದುಕೊಳ್ಳಬೇಡ. ಉತ್ತರ ಉದ್ದ ಇತ್ತು. ಅದನ್ನು ಹೇಳೋಕೆ ಹೊರಟರೆ ನಮ್ಮ ತಿಪಟೂರಿನ ಕತೆಯನ್ನೇ ಹೇಳಬೇಕಾಗುತ್ತದೆ. ಅದಕ್ಕೇ ಈ ಕಾಗದ.

ಮೊದಲು ನಮ್ಮ ಅಟ್ಟದಿಂದ ಶುರು ಮಾಡ್ತೀನಿ. ನೀನು ಚಿಕ್ಕವಳಿದ್ದಾಗ ಏಣಿ ಹತ್ತಿ ಹೋಗಿ ಕಾಯಿ ರಾಶಿಯ ಮೇಲೆ ಮಲಗಿಬಿಡುತ್ತಿದ್ದೆಯಲ್ಲ, ಅದೇ ಅಟ್ಟ. ಕೆಳಗೆ ದನದ ಕೊಟ್ಟಿಗೆ, ಮೇಲೆ ಸಂದು ಬಿಟ್ಟು ಜೋಡಿಸಿದ ದಬ್ಬೆ, ಅದರ ಮೇಲೆ ಸಿಪ್ಪೆ ಸಮೇತ ಕಾಯಿ. ಮರದಲ್ಲಿ ಕಾಯಿ ಬಲಿಯೋಕೆ ಒಂದು ವರ್ಷ ಬೇಕು. ಕೆಡವಿದ ಮೇಲೆ ಅಟ್ಟದಲ್ಲಿ ಇನ್ನೂ ಹತ್ತು, ಹನ್ನೊಂದು ತಿಂಗಳು. ಒಳಗಿನ ನೀರು ಇಂಗಬೇಕು, ತಿರುಳು ಒಣಗಿ ಕುಗ್ಗಿ ಚಿಪ್ಪು ಬಿಡಬೇಕು. ಮಳೆಗಾಲದಲ್ಲಿ ಕೆಳಗೆ ಸಣ್ಣಗೆ ಹೊಗೆ ಹಾಕುತ್ತಿದ್ದೆವು. ನಿನ್ನ ಸ್ಕೂಲ್ ಯೂನಿಫಾರ್ಮ್ ಯಾವಾಗಲೂ ಹೊಗೆ ವಾಸನೆ ಬರುತ್ತೆ ಅಂತ ಅಳುತ್ತಿದ್ದೆ, ನೆನಪಿದೆಯಾ? ಆ ಹೊಗೆಯಿಂದಲೇ ನಿನ್ನ ಫೀಸು ಬರುತ್ತಿತ್ತು.

ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ತೆಂಗು ಬೇಕಾದಷ್ಟಿದೆ, ಒಪ್ಪಿದೆ. ಆದರೆ ಅಲ್ಲಿನ ಗಾಳಿಯಲ್ಲಿ ನೀರಿನ ಪಸೆ ಹೆಚ್ಚು. ಇಡೀ ಕಾಯಿಯನ್ನು ತಿಂಗಳುಗಟ್ಟಲೆ ಇಟ್ಟರೆ ಕೊಳೆಯುವ ಭಯ ಜಾಸ್ತಿ. ಅವರು ಹೆಚ್ಚಾಗಿ ಕಾಯಿ ಒಡೆದು ಹೋಳು ಮಾಡಿ ಬಿಸಿಲಿಗೆ ಒಣಗಿಸಿ ಎಣ್ಣೆ ಗಾಣಕ್ಕೆ ಕಳಿಸುತ್ತಾರೆ. ನಮ್ಮದು ಬಯಲುಸೀಮೆ, ಕೆಂಪು ಮಣ್ಣು, ಒಣಗಾಳಿ. ರಾಗಿ, ಹುರುಳಿಗೇ ಸಾಕು ಸಾಕು ಅನ್ನಿಸುವ ಮಳೆ. ಅದೇ ಒಣಗಾಳಿ ಇಲ್ಲಿ ಉಂಡೆ ಕೊಬ್ಬರಿ, ಅಂದರೆ ಒಡೆಯದೆ ಚಿಪ್ಪಿನೊಳಗೇ ಇಡಿಯಾಗಿ ಒಣಗಿದ ಕೊಬ್ಬರಿ, ಮಾಡಿಕೊಟ್ಟಿತು. ಮಳೆ ಕಮ್ಮಿ ಅಂತ ನಿಮ್ಮ ತಾತ ದಿನಾ ಬೈಯುತ್ತಿದ್ದ ಹವೆಯೇ ಊರನ್ನು ಬೆಳೆಸಿತು ಅಂದರೆ ನಂಬುತ್ತೀಯಾ? ತಾತ ನಂಬುತ್ತಿರಲಿಲ್ಲ.

ಊರು ಹಳೆಯದಲ್ಲ. ಪಕ್ಕದ ಅರಳಗುಪ್ಪೆಗೆ ನಿನ್ನನ್ನು ಕರೆದುಕೊಂಡು ಹೋಗಿದ್ದೆನಲ್ಲ, ಕಲ್ಲೇಶ್ವರನ ಗುಡಿಯ ಸೂರಿನಲ್ಲಿ ಕುಣಿಯುವ ಶಿವನನ್ನು ಕತ್ತು ನೋಯುವ ತನಕ ನೋಡಿದೆವು. ಅದು ಒಂಬತ್ತನೇ ಶತಮಾನದ್ದು. ಅಂಥ ಹಳೆತನ ತಿಪಟೂರಿಗೆ ಎಲ್ಲಿಂದ ಬರಬೇಕು? ತಾಲ್ಲೂಕಿಗೆ ಕಸಬೆ ಆಗಿದ್ದದ್ದೂ ನಾವಲ್ಲ, ಹೊನ್ನವಳ್ಳಿ. ಈಗ ಅದು ನಮ್ಮ ತಾಲ್ಲೂಕಿನ ಒಂದು ಹೋಬಳಿ. ಹಳೇ ದೊಡ್ಡ ಊರು ಹೋಬಳಿಯಾಗಿ, ಹಳ್ಳಿಯಂತಿದ್ದ ಊರು ತಾಲ್ಲೂಕು ಕೇಂದ್ರವಾಯಿತು. ಹೊನ್ನವಳ್ಳಿಯವರ ಮುಂದೆ ಈ ಮಾತು ಎತ್ತಬೇಡ, ಇವತ್ತಿಗೂ ಮುಖ ಸಪ್ಪಗಾಗುತ್ತದೆ.

ಊರು ಬೆಳೆಯೋಕೆ ಇನ್ನೊಂದು ದೊಡ್ಡ ಕಾರಣ ರೈಲು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. 1889ರ ಹೊತ್ತಿಗೆ ಗುಬ್ಬಿ, ತಿಪಟೂರು, ಅರಸೀಕೆರೆ ಮೇಲೆ ಹಾದು ಹರಿಹರ ಮುಟ್ಟಿತು. ಅಲ್ಲಿಯವರೆಗೆ ಕೊಬ್ಬರಿ ಎತ್ತಿನ ಗಾಡಿಯಲ್ಲಿ ಎಷ್ಟು ದೂರ ಹೋದೀತು? ರೈಲು ಬಂದ ಮೇಲೆ ಅದು ಉತ್ತರಕ್ಕೆ ಹೊರಟಿತು. ನಮ್ಮ ಕಡೆ ಕೊಬ್ಬರಿ ಅಂದರೆ ಒಬ್ಬಟ್ಟಿನ ದಿನ, ಮಡಿಲಕ್ಕಿಯ ದಿನ ನೆನಪಾಗುವ ವಸ್ತು. ದಿಲ್ಲಿ, ಉತ್ತರ ಪ್ರದೇಶ, ರಾಜಸ್ಥಾನದ ಕಡೆ ಚಳಿಗಾಲದ ಸಿಹಿತಿಂಡಿಗೆ, ಪೂಜೆಗೆ ಇಡೀ ಗಿಟುಕೇ, ಅಂದರೆ ಉಂಡೆ ಕೊಬ್ಬರಿಯೇ ಆಗಬೇಕು. ದೀಪಾವಳಿ ಹತ್ತಿರ ಬಂದರೆ ನಮ್ಮ ಮಂಡಿಯ ಫೋನು ಕೆಳಗಿಡುವ ಹಾಗಿರಲಿಲ್ಲ. ಅಲ್ಲಿ ಯಾರ ಮನೆಯಲ್ಲೋ ಲಾಡು ಕಟ್ಟಿದರೆ ಇಲ್ಲಿ ನಮ್ಮ ಮನೆಗೆ ಹೆಂಚು ಬರುತ್ತಿತ್ತು. ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಮೀಟರ್ ಗೇಜ್. ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ. ಅಷ್ಟರಲ್ಲಿ ಕೊಬ್ಬರಿ ಲಾರಿ ಹತ್ತಿಯಾಗಿತ್ತು. ಬಿ.ಎಚ್. ರಸ್ತೆಯ ಉದ್ದಕ್ಕೂ ಲಾರಿ ನಿಲ್ಲುವ ಜಾಗ, ಟೀ ಅಂಗಡಿ, ಟಯರ್ ಅಂಗಡಿ, ಆಮೇಲೆ ಲಾಡ್ಜು. ಊರು ರೈಲು ಹಳಿಗೆ ಬೆನ್ನು ಹಾಕಿ ರಸ್ತೆಯ ಕಡೆ ತಿರುಗಿ ಕೂತಿತು.

ಈಗ ಮಂಡಿಯ ವಿಷಯ. ಇದನ್ನು ನಿನಗೆ ಯಾವತ್ತೂ ಬಿಡಿಸಿ ಹೇಳಿರಲಿಲ್ಲ.

ನನ್ನ ಕಾಲಕ್ಕೆ ಬುಧವಾರ, ಶನಿವಾರ ಟೆಂಡರ್. ಹಿಂದಿನ ದಿನವೇ ಎ.ಪಿ.ಎಂ.ಸಿ. (ಕೃಷಿ ಮಾರುಕಟ್ಟೆ ಸಮಿತಿ) ಯಾರ್ಡಿಗೆ ಚೀಲಗಳು ಬಂದು ಬೀಳುತ್ತಿದ್ದವು. ಬಾಯಿ ಬಿಚ್ಚಿ ನೆಲಕ್ಕೆ ಸುರಿದರೆ ಗಿಟುಕುಗಳು ಉರುಳುವ ಸದ್ದೇ ಬೇರೆ, ಮರದ ಚೆಂಡುಗಳು ಉರುಳಿದ ಹಾಗೆ. ಖರೀದಿದಾರ ಬಂದು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಮೇಲಿನದನ್ನು ಮುಟ್ಟುವುದೇ ಇಲ್ಲ. ಕೈಯನ್ನು ರಾಶಿಯ ಒಳಗೆ ತೂರಿಸಿ ಅಡಿಯಿಂದ ಒಂದನ್ನು ಎಳೆಯುತ್ತಾನೆ. ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳುತ್ತಾನೆ. ಒಡೆದು ಒಳಗಿನ ಬಿಳುಪು ನೋಡುತ್ತಾನೆ, ಮೂಸುತ್ತಾನೆ. ಎಣ್ಣೆ ಬಿಟ್ಟು ಹಳದಿಯಾಗಿದ್ದರೆ ಕೌಟು ಅಂತ ಪಕ್ಕಕ್ಕೆ ಎಸೆಯುತ್ತಾನೆ. ಒಂದು ವರ್ಷ ಮರದಲ್ಲಿ, ಒಂದು ವರ್ಷ ಅಟ್ಟದಲ್ಲಿ ಇದ್ದದ್ದಕ್ಕೆ ಸಿಗುತ್ತಿದ್ದದ್ದು ಅರ್ಧ ನಿಮಿಷ. ಆಮೇಲೆ ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. 2014ರ ಸುಮಾರಿಗೆ ಆನ್‌ಲೈನ್ ಟೆಂಡರ್ ಬಂತು. ನಾನು ಗುಮಾಸ್ತೆ ಕೆಲಸದ ಕೊನೆಯಲ್ಲಿ ಕಂಪ್ಯೂಟರ್ ಮುಂದೆ ಕೂರಬೇಕಾಯಿತು. ಮೌಸ್ ಹಿಡಿಯಲು ಕಲಿಸಿದ್ದು ನೀನೇ ತಾನೇ.

ದರ ಒಪ್ಪಿಗೆ ಆಗದಿದ್ದರೆ ರೈತ ಬೇಡ ಅನ್ನಬಹುದು. ಕಾಗದದ ಮೇಲೆ ಆ ಹಕ್ಕು ಇದೆ. ಮೂವತ್ತು ವರ್ಷದಲ್ಲಿ ಬೇಡ ಅಂದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಯಾಕೆ ಅಂದರೆ ಚೀಲ ಯಾರ್ಡಿಗೆ ಬರುವ ಮೊದಲೇ ಅದರ ಮೇಲೆ ಸಾಲ ಕೂತಿರುತ್ತದೆ. ಬೀಜ, ಗೊಬ್ಬರ, ಮಗಳ ಮದುವೆ, ಅಪ್ಪನ ತಿಥಿ, ಎಲ್ಲದಕ್ಕೂ ರೈತ ಮಂಡಿಯಲ್ಲಿ ಮುಂಗಡ ತಂದಿರುತ್ತಾನೆ. ಆ ಮುಂಗಡವನ್ನು ಕೆಂಪು ಬಟ್ಟೆ ಹೊದಿಸಿದ ಪುಸ್ತಕದಲ್ಲಿ ಬರೆಯುತ್ತಿದ್ದವನು ನಾನೇ. ಒಮ್ಮೆ ಒಬ್ಬ ಮುದುಕ ದರ ಕೇಳಿ, "ಬ್ಯಾಡ ಬುಡಿ, ವಾಪಸ್ ತಗಂಡೋಯ್ತೀನಿ" ಅಂದ. ಯಜಮಾನರು ಏನೂ ಮಾತಾಡಲಿಲ್ಲ. ನನ್ನ ಕಡೆ ನೋಡಿದರು. ನಾನು ಪುಸ್ತಕ ತೆರೆದು ಅವನ ಪುಟ ತಿರುಗಿಸಿದೆ. ಮುದುಕ ಚೀಲದ ಮೇಲೆ ಕೂತು ಒಂದು ಬೀಡಿ ಸೇದಿದ. ಆಮೇಲೆ "ತೂಕ ಹಾಕ್ಕಳಿ" ಅಂದ. ನಾನು ಹೆಚ್ಚೇನೂ ಮಾಡಲಿಲ್ಲ, ಪುಟ ತಿರುಗಿಸಿದೆ ಅಷ್ಟೇ. ಆದರೂ ಆ ಬೀಡಿ ಇನ್ನೂ ಕಣ್ಣ ಮುಂದೆ ಇದೆ.

ಈಗ ಊರಿನೊಳಗೆ ಒಂದು ಸುತ್ತು ಹಾಕಿದರೆ ನಿನಗೇ ಕಾಣುತ್ತದೆ. ಎರಡು ಮೂರು ಅಂತಸ್ತಿನ ಮನೆ, ಕಲ್ಯಾಣ ಮಂಟಪ, ಪೆಟ್ರೋಲ್ ಬಂಕು ಯಾರದ್ದು ಅಂತ ವಿಚಾರಿಸು. ಹೆಚ್ಚಾಗಿ ಕಾಯಲು ಆದವರದ್ದು. ಬೆಲೆ ಬಿದ್ದಾಗ ಕೊಂಡು ಗೋದಾಮಿನಲ್ಲಿ ಇಟ್ಟು, ಎದ್ದಾಗ ಬಿಟ್ಟವರದ್ದು. ಅವರನ್ನು ಕಳ್ಳರು ಅನ್ನುತ್ತಿಲ್ಲ. ಅವರಲ್ಲೂ ಒಂದೇ ಸೀಸನ್ನಿನಲ್ಲಿ ಮುಳುಗಿ ಊರು ಬಿಟ್ಟವರಿದ್ದಾರೆ. ಆ ದುಡ್ಡಿನಲ್ಲೇ ದಾನ ಧರ್ಮವೂ ನಡೆದಿದೆ. ಕಲ್ಪತರು ಅಂತ ತೆಂಗಿನ ಹೆಸರನ್ನೇ ಹೊತ್ತ ಕಾಲೇಜುಗಳು ಬಂದವು, 1986ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಆಯಿತು. ಸತ್ಯಗಣಪತಿಯ ಉತ್ಸವ ನೀನು ನೋಡಿದ್ದೀಯಲ್ಲ, ಆ ಅದ್ಧೂರಿಯೂ ಊರಿನ ವ್ಯಾಪಾರದ ಗತ್ತಿಗೆ ತಕ್ಕ ಹಾಗೇ ಇದೆ. ಜಿಲ್ಲೆ ಮಾಡಿ ಅನ್ನುವ ಕೂಗೂ ಹಳೆಯದು. ನನಗೆ ಕೇಳಿದರೆ ಮೊದಲು ಚರಂಡಿ ಮಾಡಲಿ. ನಗೆಯ ನಟ ನರಸಿಂಹರಾಜು ಹುಟ್ಟಿದ ಊರು ಇದು, 1923ರಲ್ಲಿ. ಹಾಗಾಗಿ ಇಷ್ಟು ತಮಾಷೆಗೆ ನನಗೂ ಹಕ್ಕಿದೆ.

ತೆಂಗಿನಲ್ಲಿ ಬಿಸಾಡುವುದು ಯಾವುದೂ ಇಲ್ಲ ಅಂತಾರಲ್ಲ, ಅದನ್ನು ನಮ್ಮೂರವರು ಅಕ್ಷರಶಃ ತಗೊಂಡರು. ಸಿಪ್ಪೆಗೆ ನಾರಿನ ಕಾರ್ಖಾನೆ, ಚಿಪ್ಪಿಗೆ ಇದ್ದಿಲು ಸುಡುವವರು, ಹಸಿ ಕಾಯಿಗೆ ತೆಂಗಿನ ಪುಡಿಯ ಫ್ಯಾಕ್ಟರಿ. ಆದರೆ ಇವತ್ತಿಗೂ ಮಷೀನಿಗೆ ಪೂರ್ತಿ ಬಗ್ಗದ ಕೆಲಸ ಒಂದಿದೆ, ಚಿಪ್ಪು ಬಿಡಿಸುವುದು. ಗಂಡಸರು ಹಾರೆಗೆ ಚುಚ್ಚಿ ಸಿಪ್ಪೆ ಸುಲಿದು ಹಾಕುತ್ತಾರೆ. ಹೆಂಗಸರು ಎಡಗೈಯಲ್ಲಿ ಕಾಯಿ ತಿರುಗಿಸುತ್ತ ಬಲಗೈಯ ಮಚ್ಚಿನಿಂದ ಸುತ್ತ ನಾಲ್ಕು ಏಟು ಹಾಕುತ್ತಾರೆ. ಚಿಪ್ಪು ಕಳಚಿ ಬೀಳುತ್ತದೆ, ಒಳಗಿನ ಗಿಟುಕಿಗೆ ಗೀರು ಕೂಡ ಬೀಳಬಾರದು. ಐದನೇ ಏಟು ಜೋರಾದರೆ ಅದು ಉಂಡೆಯಲ್ಲ, ಚೂರು. ಚೂರಿಗೆ ಚೂರಿನ ಬೆಲೆ. ಕೂಲಿ ಕಾಯಿಯ ಲೆಕ್ಕದಲ್ಲಿ. ನಿಮ್ಮಜ್ಜಿಯ ಎಡಗೈ ಹೆಬ್ಬೆರಳಿನ ಗಾಯದ ಗುರುತು ಅಲ್ಲಿಂದ ಬಂದದ್ದು.

ಕೆಟ್ಟ ಕಾಲವೂ ಬಂದಿದೆ. 1990ರ ದಶಕದ ಕೊನೆಗೆ ನುಸಿ ಬಂತು. ಕಾಯಿಯ ತೊಟ್ಟಿನ ಹತ್ತಿರ ಕಣ್ಣಿಗೆ ಕಾಣದ ಹುಳ ಸೇರಿಕೊಂಡು, ಕಾಯಿ ಬಿರುಕು ಬಿಟ್ಟ ಹಿಮ್ಮಡಿಯಂತಾಗಿ ನಿಂಬೆ ಗಾತ್ರಕ್ಕೆ ಇಳಿದಿತ್ತು. ಆಮೇಲೆ ಬರ. ಬೋರು ಸಾವಿರ ಅಡಿಗೆ ಹೋದವು. ಹೇಮಾವತಿ ನಾಲೆಯ ನೀರು ಬಂದ ಕೆರೆಯ ಸುತ್ತ ತೋಟ ಉಳಿಯಿತು, ಬಾರದ ಕಡೆ ಸುಳಿ ಒಣಗಿ ಬರೀ ಕಂಬ ನಿಂತವು. ಅಣಬೆ ರೋಗ, ಕಪ್ಪುತಲೆ ಹುಳ, ಈಚೆಗೆ ಬಿಳಿನೊಣ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇತ್ತು. ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಎಂಟು ಸಾವಿರದ ಆಸುಪಾಸು. ಒಂದು ಕ್ವಿಂಟಲ್ ಆಗಬೇಕಾದರೆ ಏಳೆಂಟು ನೂರು ಕಾಯಿ ಬೇಕು. ಆ ಡಿಸೆಂಬರ್‌ನಲ್ಲಿ ನಮ್ಮ ಬೋರು ನಿಂತುಹೋಯಿತು. ಹೊಸದು ಕೊರೆಸದೇ ಇದ್ದರೆ ಬೇಸಿಗೆಗೆ ಮರ ಉಳಿಯುವ ಹಾಗಿರಲಿಲ್ಲ. ಮರ ಉಳಿಸೋಕೆ ಕಾಯಿ ಮಾರಿದೆ. ಅಷ್ಟೇ. ನಾನು ಮಾರಿದ ಕೆಲವೇ ದಿನಕ್ಕೆ 2024ರ ಬೆಂಬಲ ಬೆಲೆ 12,000 ಅಂತ ಬಂತು. ಅದರ ಮೇಲೆ ರಾಜ್ಯ ಸರ್ಕಾರ 1,500 ಸೇರಿಸಿತು. ಆ ಬೆಲೆಗೆ ಸರ್ಕಾರಕ್ಕೆ ಮಾರುವ ನೋಂದಣಿಗೆ ಜನ ರಾತ್ರಿಯೆಲ್ಲ ಸಾಲಿನಲ್ಲಿ ಚಪ್ಪಲಿ ಇಟ್ಟು ಮಲಗಿದ್ದರು. ನನ್ನ ಚಪ್ಪಲಿ ಇಡೋಕೆ ನನ್ನ ಹತ್ತಿರ ಕೊಬ್ಬರಿಯೇ ಇರಲಿಲ್ಲ. 2025ರಲ್ಲಿ ಬೆಲೆ ಇಪ್ಪತ್ತು ಸಾವಿರ ದಾಟಿಕೊಂಡು ಹೋಯಿತು. ರೋಗಕ್ಕೆ ಇಳುವರಿ ಬಿದ್ದಿತ್ತು, ಎಳನೀರಿಗೆ ಒಳ್ಳೇ ದುಡ್ಡು ಬರುತ್ತೆ ಅಂತ ಬಹಳ ಜನ ಎಳೆಯದನ್ನೇ ಕೆಡವಿ ಕೊಟ್ಟಿದ್ದರು. ಅಟ್ಟಗಳು ಖಾಲಿ. ಬೆಲೆ ಏರಿದ್ದೇ ಅಟ್ಟ ಖಾಲಿ ಇದ್ದದ್ದಕ್ಕೆ. ಆದ್ದರಿಂದ ಆ ಬೆಲೆ ಬಂದಾಗ ನನ್ನಂಥವನ ಹತ್ತಿರ ಮಾರೋಕೆ ಏನೂ ಇಲ್ಲದ್ದು ಆಶ್ಚರ್ಯ ಅಲ್ಲ, ಅಲ್ವಾ?

ಮತ್ತೆ, ಕೊಬ್ಬರಿಯನ್ನು ಷೇರಿನ ಹಾಗೆ ಇಟ್ಟುಕೊಂಡು ಕೂರೋಕೆ ಆಗಲ್ಲ ಮಗಳೇ. ಆದ ಮೇಲೆ ಸ್ವಲ್ಪ ದಿನ ತಡೆಯುತ್ತದೆ. ಆಮೇಲೆ ತೂಕ ಇಳಿಯುತ್ತದೆ, ಹುಳ ಬೀಳುತ್ತದೆ, ಕೌಟಾಗುತ್ತದೆ.

ಇನ್ನೊಂದು ಸುದ್ದಿ. ಹಳೇ ಅಟ್ಟದ ದಬ್ಬೆಗಳು ಗೆದ್ದಲು ಹಿಡಿದು ಕುಸಿಯುತ್ತಿದ್ದವು. ಹೋದ ತಿಂಗಳು ಇಳಿಸಿಬಿಟ್ಟೆವು. ಮನೆ ಹಿಂದೆ ತಂತಿ ಜಾಲರಿ ಹಾಕಿ ಹೊಸ ಶೆಡ್ ಕಟ್ಟಿಸಿದ್ದೀನಿ. ಹಳೇ ದಬ್ಬೆಗಳ ಸಂದಿಯಲ್ಲಿ ನಿನ್ನ ಒಂದು ಗೋಲಿ, ಒಂದು ಕಾಲ್ಗೆಜ್ಜೆಯ ಗುಂಡು ಸಿಕ್ಕವು. ಹೊಗೆ ಹಿಡಿದು ಕಪ್ಪಾಗಿವೆ. ನಿಮ್ಮಮ್ಮ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಾಳೆ.

ಹೊಸ ಬೋರಿನ ನೀರಿನ ಮೊದಲ ಫಸಲು ಈಗ ಆ ಶೆಡ್ಡಿನಲ್ಲಿದೆ, ಮೂರು ಸಾವಿರ ಕಾಯಿ. ಗಣಪತಿ ಹಬ್ಬಕ್ಕೆ ನೀನು ಬಾ, ಮಾರೋದಾ ಬಿಡೋದಾ ಅಂತ ಕೂತು ಮಾತಾಡೋಣ. ಈ ಸಲ ಬೋರು ಚೆನ್ನಾಗಿದೆ, ಪುಸ್ತಕದಲ್ಲಿ ನನ್ನ ಹೆಸರಿನ ಪುಟವೂ ಇಲ್ಲ. ಇವತ್ತು ಬೆಳಗ್ಗೆ ಹೋಗಿ ಹತ್ತು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ ನೋಡಿದೆ. ಏಳು ಲೊಡಲೊಡ ಅಂದವು. ಮೂರರಲ್ಲಿ ಇನ್ನೂ ನೀರು ಕುಲುಕುತ್ತಿದೆ.

ಇಂತಿ,
ಅಪ್ಪ