ಧೂಳು, ಬೆಳೆ, ಉಪಗ್ರಹ ಚಿತ್ರ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕ್ರಷರ್ ಪಕ್ಕದ ಹೊಲಗಳ ಉಪಗ್ರಹ ಚಿತ್ರ ನೋಡಿ "ಧೂಳಿನಿಂದಲೇ ಬೆಳೆ ಹಾಳು" ಅಂತ ಈಗಲೇ ಬರೆದುಬಿಡಬೇಡಿ. ಸೆಂಟಿನೆಲ್-2 ಅನ್ನೋ ಯುರೋಪಿನ ಉಪಗ್ರಹಗಳ ಜೋಡಿ ಸುಮಾರು 5 ದಿನಕ್ಕೊಮ್ಮೆ ಚಿತ್ರ ಕೊಡುತ್ತದೆ, ಅದೂ ಪುಕ್ಕಟೆ. ಮೋಡ ಇದ್ದರೆ ಮಾತ್ರ ಕಷ್ಟ. ಹಸಿರು ಕುಂದಿದ್ದು ಅದರಲ್ಲಿ ಕಾಣುತ್ತದೆ, ಯಾಕೆ ಅಂತ ಕಾಣಲ್ಲ. ನೀರು ಕಮ್ಮಿಯಾದರೂ ಹಾಗೇ ಅಲ್ವಾ? ಎಲೆ ಮೇಲೆ ಕೂತ ಧೂಳೂ ಲೆಕ್ಕ ತಪ್ಪಿಸುತ್ತದೆ. ಅದಕ್ಕೇ ಒಳ್ಳೆ ಮಳೆ ಬಿದ್ದು ಎಲೆ ತೊಳೆದ ಮೇಲಿನ ಚಿತ್ರವನ್ನೂ ಜೊತೆಗಿಟ್ಟು ನೋಡಿ. ಧೂಳು ತಲುಪದ ಒಂದು ಹೊಲವನ್ನೂ ಹೋಲಿಸಿ. ತಳಿ, ಬಿತ್ತಿದ ವಾರ ಎರಡೂ ಒಂದೇ ಇರಲಿ.

ಓಝೋನ್ (ಗಾಳಿಯಲ್ಲಿರುವ ಮಾಲಿನ್ಯದ ಅನಿಲ) ಬೆಳೆಗೆ ಕೊಡುವ ಪೆಟ್ಟು ಬೇರೆ. ಹಳೆಯ ಎಲೆಗಳ ಮೇಲ್ಭಾಗದಲ್ಲಿ, ನರಗಳ ನಡುವೆ ಸಣ್ಣ ಸಣ್ಣ ಚುಕ್ಕಿ ಬೀಳುತ್ತವೆ. ಎಲೆ ತಿರುಗಿಸಿಯೂ ಫೋಟೋ ತೆಗೆದು ಹಾಕಿ. ಅಡಿಯಲ್ಲಿ ನುಸಿ ಇದ್ದರೆ ಚುಕ್ಕಿ ಅದರಿಂದಲೂ ಬಿದ್ದಿರಬಹುದು, ಆಗ ಕಥೆಯೇ ಬೇರೆ.