ಮೊದಲ ಮಿಸ್ ಇಂಡಿಯಾ ಪ್ರಮೀಳಾ ಅವರ ರೀಲುಗಳನ್ನು ಹುಡುಕಿಸಿ

ಮಾನ್ಯ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವರಿಗೆ ನಮಸ್ಕಾರ.

ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಇವತ್ತು ನೋಡೋಣ ಅಂದರೆ ಅದರ ಒಂದು ಪ್ರಿಂಟೂ ಇಲ್ಲ. ಆ ನೋವು ಗೊತ್ತಿರುವ ಕನ್ನಡಿಗನಾಗಿ, ಹಿಂದಿ ಸಿನಿಮಾದ ಒಬ್ಬ ಹೆಣ್ಣುಮಗಳ ಪರವಾಗಿ ನಿಮಗೆ ಬರೆಯುತ್ತಿದ್ದೇನೆ.

ಅವರ ಹೆಸರು ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ತೆರೆಯ ಮೇಲೆ ಪ್ರಮೀಳಾ. ಕಲ್ಕತ್ತೆಯ ಬಾಗ್ದಾದಿ ಯಹೂದಿ ಮನೆತನದಲ್ಲಿ 1916ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಮನೆ ಬಿಟ್ಟು ಮುಂಬಯಿಗೆ ಬಂದು ಪಾರ್ಸಿ ನಾಟಕ ಕಂಪನಿ ಸೇರಿದರು. ಆಗ ಸಿನಿಮಾ ನಡುವೆ ರೀಲು ಬದಲಿಸುವಾಗ ಆಟ ನಿಲ್ಲುತ್ತಿತ್ತು. ಜನ ಎದ್ದು ಹೋಗದಂತೆ ಯಾರಾದರೂ ಕುಣಿಯಬೇಕಿತ್ತು. ಆ ಹದಿನೈದು ನಿಮಿಷ ಪರದೆಯ ಮುಂದೆ ಕುಣಿದ ಹುಡುಗಿ ಈಕೆ. ಆಪರೇಟರ್ ರೀಲು ಏರಿಸಿದ ಕೂಡಲೇ ಪಕ್ಕಕ್ಕೆ ಸರಿಯಬೇಕು, ಅಷ್ಟೇ.

ಆಮೇಲೆ ಅದೇ ಪರದೆಯೊಳಗೆ ಹೋದರು. ‘ಉಲ್ಟಿ ಗಂಗಾ’, ‘ಜಂಗಲ್ ಕಿಂಗ್’, ‘ಬಸಂತ್’ ಹೀಗೆ ಸಾಲು ಸಾಲು ಸಿನಿಮಾ. ಸಾಹಸದ ಪಾತ್ರಗಳಿಗೆ ಹೆಸರಾದರು. ಕಿರೀಟ ಗೆದ್ದು ಸಿನಿಮಾಕ್ಕೆ ಬಂದವರೇ ಜಾಸ್ತಿ, ಅಲ್ವಾ? ಇವರದು ತಿರುವುಮುರುವು. ನಟಿಯಾಗಿ ಹೆಸರು ಮಾಡಿದ ಮೇಲೆ, 1947ರಲ್ಲಿ ಮೊದಲ ಮಿಸ್ ಇಂಡಿಯಾ ಆದರು. ಆಗ ವಯಸ್ಸು ಮೂವತ್ತು. ಬಸುರಿ ಬೇರೆ.

ಆದರೆ ನನಗೆ ಕಿರೀಟಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಸಿಲ್ವರ್ ಪ್ರೊಡಕ್ಷನ್ಸ್. ಆ ಹೆಸರಿನಲ್ಲಿ 16 ಸಿನಿಮಾ ತೆಗೆದರು. ಹೆಂಗಸು ದುಡ್ಡು ಹೊಂದಿಸಿ, ವಿತರಕರ ಜೊತೆ ಮಾತಾಡಿ ಸಿನಿಮಾ ಮಾಡುವುದು ಆ ಕಾಲಕ್ಕೆ ಸುಮ್ನೆ ಮಾತಲ್ಲ. ಸಿನಿಮಾ ಹಂಚಲು ಪದೇ ಪದೇ ಪಾಕಿಸ್ತಾನಕ್ಕೆ ಹೋಗಿ ಬಂದರು. ಅದೇ ಮುಳುವಾಯಿತು. ಗೂಢಚಾರಿಣಿ ಅಂತ ಅನುಮಾನಪಟ್ಟು ಬಂಧಿಸಿದರು. ಕೊನೆಗೆ ಗೊತ್ತಾದದ್ದು, ವ್ಯಾಪಾರಕ್ಕೆ ಹೋಗಿದ್ದರು ಅಂತ. 1963ರಲ್ಲಿ ಗಂಡ, ನಟ ಕುಮಾರ್, ಪಾಕಿಸ್ತಾನಕ್ಕೆ ಹೊರಟುಹೋದರು. ಇವರು ಹೋಗಲಿಲ್ಲ. ಇಲ್ಲೇ ಇದ್ದರು. 1967ರಲ್ಲಿ ಮಗಳು ನಕಿ ಜಹಾನ್ ಕೂಡ ಮಿಸ್ ಇಂಡಿಯಾ ಆದಳು. 2006ರ ಆಗಸ್ಟ್ 6ರಂದು ಪ್ರಮೀಳಾ ತೀರಿಕೊಂಡರು.

ಸಚಿವರೇ, ಹಳೆಯ ರೀಲಿನಲ್ಲಿ ಬೆಳ್ಳಿಯ ಅಂಶ ಇರುತ್ತಿತ್ತು. ಅಷ್ಟಕ್ಕಾಗಿ ಎಷ್ಟೋ ಸಿನಿಮಾಗಳನ್ನು ಗುಜರಿಗೆ ಹಾಕಿ ಕರಗಿಸಿದರು. ಪ್ರಮೀಳಾ ಅವರ ಸಿನಿಮಾಗಳಿಗೆ ಆ ಗತಿ ಬಂದಿದೆಯೋ ಇಲ್ಲವೋ ಜನರಿಗೆ ತಿಳಿಯಬೇಕು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ನಿಮ್ಮ ಸಚಿವಾಲಯಕ್ಕೇ ಸೇರಿದ್ದು. ಆ 16 ಸಿನಿಮಾಗಳಲ್ಲಿ ಯಾವುದು ಉಳಿದಿದೆ, ಯಾವುದು ಹೋಗಿದೆ ಅಂತ ಒಂದು ಪಟ್ಟಿ ಹೊರಡಿಸಿ. ಸಿಕ್ಕಿದ್ದನ್ನು ಸರಿಪಡಿಸಿ ಎಲ್ಲರಿಗೂ ತೋರಿಸಿ. ಕರಾಚಿ, ಲಾಹೋರಿನ ಕಡೆಗೂ ಒಂದು ಪತ್ರ ಹೋಗಲಿ. ಅಂದು ಅವರು ಹೊತ್ತುಕೊಂಡು ಹೋದ ಯಾವುದಾದರೂ ಡಬ್ಬಿ ಅಲ್ಲಿನ ಹಳೆಯ ಗೋದಾಮಿನ ಮೂಲೆಯಲ್ಲಿ ಇನ್ನೂ ಇರಬಹುದು.

ಇಂತಿ,
ಹಳೆಯ ಸಿನಿಮಾಗಳನ್ನು ಪ್ರೀತಿಸುವ ಒಬ್ಬ ಕನ್ನಡಿಗ