ಗೆಳೆಯನಿಗೊಂದು ಪತ್ರ: ಬೂಸ್ಟರ್‌ಗೆ, ಒಂದು ಶಬ್ದದ ಕಮೆಂಟ್ ಬಗ್ಗೆ

ಪ್ರೀತಿಯ ಬೂಸ್ಟರ್,

ಹೇಗಿದ್ದೀ ಮಾರಾಯ? ಮಸ್ಕತ್ತಿನಲ್ಲಿ ಸೆಕೆಯಂತೆ. ಉಡುಪಿಯಲ್ಲಿ ನಾವೇನೂ ಕಂಬಳಿ ಹೊದ್ದುಕೊಂಡು ಕೂತಿಲ್ಲ. ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ಆದರೆ ನೀನು ಎಲ್ಲರೆದುರು ಕಮೆಂಟ್ ಹಾಕಿದ್ದೀಯಲ್ಲ, ಉತ್ತರವೂ ಎಲ್ಲರೆದುರೇ ಇರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಓದುವವರು ಓದಲಿ. ಮೂರನೇ ಬೋಂಡದ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಕಳೆದ ತಿಂಗಳು ನಾನು ಹಳೇ ಟೀವಿ ಧಾರಾವಾಹಿಗಳ ಬಗ್ಗೆ ಒಂದು ಪೋಸ್ಟ್ ಹಾಕಿದ್ದೆ. ಬ್ಯಾಂಕಿನವರ ಮನೆ ಚಾವಡಿ, ಬಾಗಿಲು ಇರುವ ಕಪ್ಪು-ಬಿಳುಪು ಟೀವಿ, ನೆಲದ ಮೇಲೆ ಇಡೀ ವಠಾರ. ಆಂಟೆನಾ ತಿರುಗಿಸಿದ ಕಥೆ ಬರೆದಿರಲಿಲ್ಲ, ಅದನ್ನು ಎಲ್ಲರೂ ಬರೆದಾಗಿದೆ. ಯಾರು ಹಂಚಿನ ಮೇಲೆ ಹತ್ತಿದ್ದು, ಎಷ್ಟು ಹಂಚು ಹೋಯ್ತು ಅನ್ನುವುದನ್ನೂ ಬರೆಯಲಿಲ್ಲ. ಬರೆದದ್ದು ಅಪ್ಪನ ಬಗ್ಗೆ. ಬೊಂಬಾಯಿಯಲ್ಲಿ ನಾಲ್ಕು ವರ್ಷ ಇದ್ದು ಬಂದವರು, ಹಾಗಾಗಿ ಇಡೀ ವಠಾರಕ್ಕೆ ಹಿಂದಿ ಅರ್ಥ ಹೇಳುತ್ತಿದ್ದವರು ಅಂತ. ಹೃದಯಗಳ ರಾಶಿ ಬಿತ್ತು. 'ಎಂಥಾ ತಂದೆ' ಅಂದರು. ಅದರ ನಡುವೆ ನಿನ್ನ ಒಂದೇ ಶಬ್ದ, ಪಕ್ಕದಲ್ಲಿ ನಗುವ ಮುಖ: 'ಶಿಕ್ಷಾ'.

ಹಾಗಂದರೇನು ಅಂತ ಇಬ್ಬರು ಕೇಳಿದರು. ನಾನು ನಿನ್ನ ಕಮೆಂಟಿಗೂ ಒಂದು ಹೃದಯ ಒತ್ತಿ ಸುಮ್ನಾದೆ. ಆಮೇಲೆ ಎರಡು ರಾತ್ರಿ ನಿದ್ದೆ ಸರಿ ಬರಲಿಲ್ಲ.

ಮೊದಲು ಒಳ್ಳೇದು ಹೇಳುತ್ತೇನೆ, ನಿನಗೂ ನೆನಪಾಗಲಿ. ಆ ಮನೆಗೆ ಟೀವಿ ಬಂದದ್ದು 1985ರಲ್ಲಿ, 'ಹಮ್ ಲೋಗ್' ಮುಗಿಯಲಿಕ್ಕೆ ಬಂದಾಗ. 1984ರ ಜುಲೈಯಲ್ಲಿ ಶುರುವಾದ ಧಾರಾವಾಹಿಯ ಬಾಲ ಮಾತ್ರ ನಮಗೆ ಸಿಕ್ಕಿತು. ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ಎದುರು ಕೂತವರಲ್ಲಿ ಮಾತಾಡುತ್ತಿದ್ದರಲ್ಲ, ಅದನ್ನು ಅಪ್ಪ ತುಳುವಿನಲ್ಲಿ ಹೇಳುತ್ತಿದ್ದರು. (ಇಲ್ಲಿ ಎಲ್ಲರಿಗೂ ತಿಳಿಯಲಿ ಅಂತ ಕನ್ನಡ ಮಾಡುತ್ತೇನೆ, ನಾನೂ ಅರ್ಥಧಾರಿಯೇ.) 'ಮಕ್ಕಳು ಶಾಲೆಯಿಂದ ಬಂದ ಕೂಡಲೇ ಆಡಲಿಕ್ಕೆ ಓಡಬಾರದು, ಬಾವಿಯಿಂದ ನಾಲ್ಕು ಕೊಡಪಾನ ನೀರು ಸೇದಿ ಇಡಬೇಕು ಅಂತ ಹೇಳ್ತಿದ್ದಾರೆ.' ನಾವು ನಂಬಿದೆವು! ಬೊಂಬಾಯಿಯ ಅಷ್ಟು ದೊಡ್ಡ ನಟನಿಗೆ ನಮ್ಮ ಬಾವಿಯ ಚಿಂತೆ ಯಾಕೆ ಅಂತ ಒಬ್ಬನೂ ಕೇಳಲಿಲ್ಲ.

ಆಮೇಲೆ 'ಮಾಲ್ಗುಡಿ ಡೇಸ್'. ಇದರ ತಮಾಷೆ ನನಗೆ ಹೊಳೆದದ್ದು ಈಗ. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳು. ಶಂಕರ್ ನಾಗ್ ಅದನ್ನು ನಮ್ಮ ಆಗುಂಬೆಯಲ್ಲಿ ಚಿತ್ರೀಕರಿಸಿದರು. ಹೆಬ್ರಿ, ಸೋಮೇಶ್ವರ ದಾಟಿ ಘಾಟಿಯ ಹದಿನಾಲ್ಕು ತಿರುವು ಹತ್ತಿದರೆ ಮಾಲ್ಗುಡಿ, ಬಸ್ಸಿನಲ್ಲಿ ಎರಡು ವಾಂತಿಯ ದೂರ. ಸ್ವಾಮಿಯಾಗಿ ಮಂಜುನಾಥ, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್. ಇಷ್ಟೆಲ್ಲ ನಮ್ಮವರು ನಮ್ಮ ಗುಡ್ಡದ ಮೇಲೆ ನಿಂತು ಮಾತಾಡಿದ್ದು ಹಿಂದಿಯಲ್ಲಿ. ಅದು ದೆಹಲಿಗೆ ಹೋಗಿ 1986ರಲ್ಲಿ ಗಾಳಿಯಲ್ಲಿ ವಾಪಸು ಬಂದಾಗ ನಮಗೆ ತಿಳಿಯಲಿಕ್ಕೆ ಬೊಂಬಾಯಿಗೆ ಹೋಗಿ ಬಂದ ಒಬ್ಬ ಮನುಷ್ಯ ಬೇಕಾಯಿತು. ಆರ್.ಕೆ. ಲಕ್ಷ್ಮಣ್ ಚಿತ್ರ, ಎಲ್. ವೈದ್ಯನಾಥನ್ ಸಂಗೀತ, ಅರ್ಥ ನಮ್ಮಪ್ಪ.

1987ರ ಜನವರಿಯಲ್ಲಿ 'ರಾಮಾಯಣ' ಶುರುವಾದಾಗ ಅಪ್ಪನಿಗೆ ಹಿಂದಿಯೇ ಬೇಡವಾಯಿತು. ಯಕ್ಷಗಾನ ನೋಡಿ ಬೆಳೆದವರಿಗೆ ರಾಮಾಯಣ ಯಾರು ಹೇಳಬೇಕು? ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಸ್ನಾನ ಮಾಡಿ ಬಂದು ಕೂತರೆ ಅದು ತಾಳಮದ್ದಳೆ, ವೇಷ-ಕುಣಿತ ಇಲ್ಲದೆ ಕೂತಲ್ಲೇ ಹಾಡಿ ಅರ್ಥ ಹೇಳುವ ಯಕ್ಷಗಾನ. ಆ ಎರಡು ಬಾಣಗಳು ಆಕಾಶದಲ್ಲಿ ಒಂದಕ್ಕೊಂದು ತಾಗಲಿಕ್ಕೆ ಎಷ್ಟು ಹೊತ್ತು ಬೇಕಿತ್ತು ಹೇಳು, ಅಷ್ಟರಲ್ಲಿ ಅಪ್ಪ ಒಂದು ಪದ ಹೇಳಿ ಅರ್ಥವನ್ನೂ ಮುಗಿಸುತ್ತಿದ್ದರು. ಅರವಿಂದ ತ್ರಿವೇದಿಯ ರಾವಣನ ಬಗ್ಗೆ ಅವರ ತೀರ್ಪು ನನಗೆ ಇವತ್ತಿಗೂ ಬಾಯಿಪಾಠ: 'ಸ್ವರ ಉಂಟು, ಹೆಜ್ಜೆ ಇಲ್ಲ.' ನನಗೆ ಕೇಳಿದರೆ ಇಡೀ ಧಾರಾವಾಹಿಯಲ್ಲಿ ಆ ರಾವಣನೇ ವಾಸಿ. ಆದರೆ ಆಗ ನನ್ನನ್ನು ಕೇಳುವವರು ಯಾರು.

ಇನ್ನು 'ಮಹಾಭಾರತ'. 1988ರ ಅಕ್ಟೋಬರ್ 2ಕ್ಕೆ ಶುರು. ನಾನು ಆಗ ಏಳನೇ ಕ್ಲಾಸು. ಹಿಂದಿ ಪ್ರಥಮಾ ಪರೀಕ್ಷೆ ಪಾಸಾಗಿ ತಲೆ ಕುತ್ತಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ದ್ರೋಣರು ಬಂದರು. ಯಾರೋ 'ಶಿಕ್ಷಾ' ಅಂದರು. ಅಪ್ಪ ತಿರುಗಿ ಎಲ್ಲರಿಗೂ ಹೇಳಿದರು, 'ಇವರು ಮಕ್ಕಳಿಗೆ ಶಿಕ್ಷೆ ಕೊಡ್ಲಿಕ್ಕೆ ಬಂದವರು.' ನಾನು ಎದ್ದು ನಿಂತೆ. ಕೂತು ಹೇಳಬಹುದಿತ್ತು, ಎದ್ದು ನಿಂತೆ. 'ಶಿಕ್ಷಾ ಅಂದ್ರೆ ಶಿಕ್ಷೆ ಅಲ್ಲ, ಶಿಕ್ಷಣ!' ಚಾವಡಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನು, ಬೂಸ್ಟರ್. ಅಪ್ಪನೂ ನಕ್ಕರು. 'ಏಕಲವ್ಯನಿಗೆ ಕೊಟ್ಟದ್ದು ಯಾವುದು ಮತ್ತೆ?' ಅಂತ ಅಪ್ಪ ಒಂದು ಮಾತು ಕೇಳಿದ್ದರೆ ನಾನು ಅಲ್ಲೇ ಮಣ್ಣು ಮುಕ್ಕುತ್ತಿದ್ದೆ. ಅವರಿಗೆ ಅಂಥ ಮಾತು ಗೊತ್ತಿರಲಿಲ್ಲ ಅಂತಲ್ಲ. ಕೇಳಲಿಲ್ಲ.

ನಿನಗೆ ನೆನಪಿರುವುದು ಇಷ್ಟು. ನಾನೂ ಇಷ್ಟೇ ನೆನಪು ಅಂತ ಇಟ್ಟುಕೊಂಡಿದ್ದೆ.

ಆದರೆ ನಾನು ಕೂರುವ ಮುಂಚೆ ಇನ್ನೊಂದು ವಾಕ್ಯ ಹೇಳಿದ್ದೆ. 'ಅಪ್ಪನಿಗೆ ಹಿಂದಿ ಬರುವುದಿಲ್ಲ, ಅವರು ಬೊಂಬಾಯಿಯಲ್ಲಿ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದದ್ದು.' ಅದಕ್ಕೆ ಯಾರೂ ನಗಲಿಲ್ಲ. ಬ್ಯಾಂಕಿನ ಅಕ್ಕ ಎದ್ದು ಒಳಗೆ ಹೋದರು. ನೀನು ಆಗ ಇನ್ನೂ ನಗುತ್ತಿದ್ದೆಯೋ ಏನೋ, ನಿನಗೆ ಕೇಳಿಸಿರಲಿಕ್ಕಿಲ್ಲ. ಬಾಯಿ ತಪ್ಪಿ ಬಂದದ್ದು ಅಂತ ಬರೆಯಲಿಕ್ಕೆ ಹೊರಟಿದ್ದೆ, ಎರಡು ಸಲ ಬರೆದು ಅಳಿಸಿದೆ. ತಪ್ಪಿ ಬಂದದ್ದಲ್ಲ. ಹಿಂದಿನ ವಾರ ಶಾಲೆಯಲ್ಲಿ ಒಬ್ಬ 'ನಿನ್ನ ಅಪ್ಪ ಬೊಂಬಾಯಿಯಲ್ಲಿ ಯಾವ ಆಫೀಸು?' ಅಂತ ಕೇಳಿದ್ದ, ನನಗೆ ಉತ್ತರ ಬಂದಿರಲಿಲ್ಲ. ಆ ಸಿಟ್ಟು ಅವನ ಮೇಲೆ ಇರಬೇಕಿತ್ತು. ಅಪ್ಪನ ಮೇಲೆ ಇತ್ತು. ಹದಿನೈದು ವರ್ಷಕ್ಕೂ ಮುಂಚೆ ತೊಳೆದ ಲೋಟಗಳು ಮಾರಾಯ, ನನ್ನ ಪ್ರಥಮಾ ಪರೀಕ್ಷೆಯ ಫೀಸು ಎಲ್ಲಿಂದ ಬಂತು ಅಂತ ನನಗೆ ಗೊತ್ತಿಲ್ಲದೆ ಇತ್ತಾ?

ಅಪ್ಪ ಬರುವುದು ಬಿಡಲಿಲ್ಲ, ನೋಡಿದ್ದೀಯಲ್ಲ. ಮುಂದಿನ ಭಾನುವಾರದಿಂದ ಸ್ವಲ್ಪ ತಡವಾಗಿ ಬಂದು ಹೊರಗೆ ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದರು. 1990ರ ಜೂನಿನಲ್ಲಿ ಮಹಾಭಾರತ ಮುಗಿಯುವವರೆಗೆ, ಒಂದು ವರ್ಷಕ್ಕೂ ಜಾಸ್ತಿ, ಒಂದು ಶಬ್ದದ ಅರ್ಥ ಹೇಳಲಿಲ್ಲ. ಆ ಜಾಗಕ್ಕೆ ನಾನು ಬಂದೆ. ರಾಹಿ ಮಾಸೂಮ್ ರಜಾ ಬರೆದ ಮಾತುಗಳ ಎದುರು ಪ್ರಥಮಾ ಎಷ್ಟು ದಿನ ನಿಲ್ಲುತ್ತದೆ? 'ಸಮಯ' ಬಂದು ಮಾತು ಶುರು ಮಾಡಿದ ಕೂಡಲೇ ನನಗೆ ಬೆವರು. ಗೀತೆಯ ದಿನ ಕೃಷ್ಣ ಹೇಳಿದರು, ಹೇಳಿದರು, ಹೇಳುತ್ತಲೇ ಹೋದರು. ಬ್ಯಾಂಕಿನ ಅಕ್ಕ 'ಎಂತ ಹೇಳಿದ್ದು ಅವರು?' ಅಂತ ಕೇಳಿದರು. ನಾನು 'ಯುದ್ಧ ಮಾಡು ಅಂತ' ಅಂದೆ. ಹದಿನೆಂಟು ಅಧ್ಯಾಯ, ಎರಡು ಶಬ್ದ. ಜಗಲಿಯಲ್ಲಿ ಒಂದು ಕೆಮ್ಮು ಕೇಳಿತು.

ಇದೆಲ್ಲ ಮರೆತೇ ಹೋಗಿತ್ತು ಅಂದರೆ ಸುಳ್ಳು. ಮರೆತವನ ಹಾಗೆ ಪೋಸ್ಟ್ ಬರೆದೆ, ಅಷ್ಟೇ. ಅಪ್ಪ ಅರ್ಥ ಹೇಳುತ್ತಿದ್ದರು ಅಂತ ಬರೆದೆ, ಯಾವತ್ತು ನಿಲ್ಲಿಸಿದರು ಅಂತ ಬರೆಯಲಿಲ್ಲ.

ಮೊನ್ನೆ ಭಾನುವಾರ ಮೊಬೈಲನ್ನು ಟೀವಿಗೆ ಜೋಡಿಸಿ ಮಹಾಭಾರತ ಹಾಕಿದೆ. ಅಪ್ಪನಿಗೆ ಈಗ ಎಂಬತ್ತನಾಲ್ಕು, ಕಿವಿ ಅರ್ಧ. ಮಗಳು ಬಂದು ಅಜ್ಜನ ಪಕ್ಕ ಕೂತಳು. 'ಅಜ್ಜ, ಅವರು ಎಂತ ಹೇಳ್ತಿದ್ದಾರೆ?' ಅಪ್ಪ ಬಾಳೆಹಣ್ಣು ಸುಲಿಯುತ್ತಾ, ನನ್ನ ಕಡೆ ನೋಡದೆ, 'ನಿನ್ನ ಅಪ್ಪನಲ್ಲಿ ಕೇಳು ಮಗಾ. ಅವನಿಗೆ ಹಿಂದಿ ಬರ್ತದೆ' ಅಂದರು.

ಕುಟುಕಿದ್ದಾ, ಸುಮ್ನೆ ಹೇಳಿದ್ದಾ ಅಂತ ಮುಖ ನೋಡಿದೆ. ಏನೂ ತಿಳಿಯಲಿಲ್ಲ. ಅವರು ಹಣ್ಣಿನ ಅರ್ಧ ಮುರಿದು ಅವಳಿಗೆ ಕೊಟ್ಟರು. ಈಗಲಾದರೂ ಕೇಳಬಹುದು ಅಂತ ನೀನು ಹೇಳುತ್ತೀ. ಕೇಳುವುದಾದರೆ ಅವರ ಕಿವಿಗೆ ತಲುಪುವಷ್ಟು ಗಟ್ಟಿಯಾಗಿ ಕೇಳಬೇಕು ಮಾರಾಯ, ಇಡೀ ಓಣಿಗೆ ಕೇಳುತ್ತದೆ. ಅದಕ್ಕೆ ಧೈರ್ಯ ಇಲ್ಲದೆ ಇಲ್ಲಿ ಸಾವಿರ ಜನರ ಎದುರು ಬರೆಯುತ್ತಿದ್ದೇನೆ, ಎಂಥಾ ಶೂರ ನೋಡು.

ಸರಿ, ಮಗಳಿಗೆ ಅರ್ಥ ಹೇಳಲಿಕ್ಕೆ ಕೂತೆ. ಮನಸ್ಸು ಎಲ್ಲೋ ಇತ್ತು. ಯಾರೋ 'ಅವಸರ್' ಅಂದರು. ನಾನು 'ಅವರಿಗೆ ತುಂಬಾ ಅವಸರ ಅಂತೆ' ಅಂದೆ. ಮಗಳು ನನ್ನನ್ನು ಒಮ್ಮೆ, ಟೀವಿಯನ್ನು ಒಮ್ಮೆ ನೋಡಿದಳು. 'ಅಪ್ಪಾ, ಕೆಳಗೆ ಇಂಗ್ಲಿಷಿನಲ್ಲಿ ಅವಕಾಶ ಅಂತ ಬರ್ತಾ ಉಂಟು. ನಿಮಗೆ ಹಿಂದಿ ಬರೋದಿಲ್ಲ.' ಅಪ್ಪ 'ಎಂತ ಹೇಳಿದಳು?' ಅಂತ ಕೇಳಿದರು. 'ಏನಿಲ್ಲ' ಅಂದೆ, 'ಯುದ್ಧ ಮಾಡು ಅಂತ.' ಅವರು ಕೆಮ್ಮಿದರು. ಹಣ್ಣು ಸಿಕ್ಕಿ ಕೆಮ್ಮಿದ್ದು ಇರಬಹುದು.

ಆಯ್ತು, ಸಾಕು. ಓದಿದ ಬಾಕಿಯವರು ದಯವಿಟ್ಟು ಫೋನ್ ಮಾಡಿ ಸಮಾಧಾನ ಹೇಳಬೇಡಿ, ನಾನು ಚೆನ್ನಾಗಿದ್ದೇನೆ, ಮಧ್ಯಾಹ್ನ ಬಂಗುಡೆ ಪುಳಿಮುಂಚಿ ಉಂಡು ಇದನ್ನು ಬರೆಯುತ್ತಿದ್ದೇನೆ. ಬೂಸ್ಟರ್, ನೀನು ಇದರ ಕೆಳಗೂ ಆ ಒಂದು ಶಬ್ದ ಹಾಕಿದರೆ ಬ್ಲಾಕ್. ಮತ್ತೆ ಡಿಸೆಂಬರಿನಲ್ಲಿ ಬರುವಾಗ ಅಪ್ಪನಿಗೆ ಒಂದು ದೊಡ್ಡ ಟಾರ್ಚ್ ತಾ, ಕಳೆದ ಸಲ ತಂದದ್ದನ್ನು ನಾನು ಬಿಚ್ಚಿ ರಿಪೇರಿ ಮಾಡಿದ್ದೇನೆ, ಅಂದರೆ ಈಗ ಅದು ಹೊತ್ತುವುದಿಲ್ಲ.

ನಿನ್ನ,
ಪ್ರಥಮಾ ಪಾಸು